ನಡುಮನೆಯ ಪ್ಲೈವುಡ್ ಕೊಳ

ಮಧುಕೇಶ್ವರನ ಮನೆಯಲ್ಲಿ ಆ ಗುರುವಾರ ನಡೆದದ್ದಕ್ಕೆಲ್ಲ ಕಾರಣ ಒಂದು ಪೆನ್ಸಿಲ್ ಗೆರೆ. ಬೆಳಿಗ್ಗೆ ಎಂಟಕ್ಕೆ ಅವನೇ ಎಳೆದದ್ದು, ಸ್ಕೇಲು ಹಿಡಿದು, ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು. ಗೆರೆಯ ಮೇಲೆ ‘ನೀರಿನ ಮಟ್ಟ’ ಎಂದು ಬರೆದು, ಪಕ್ಕದಲ್ಲಿ ತಾರೀಖು ಹಾಕಿ, ಸಹಿಯನ್ನೂ ಮಾಡಿದ. ಹೈಸ್ಕೂಲಿನಲ್ಲಿ ಹದಿನೇಳು ವರ್ಷ ಗುಮಾಸ್ತನಾಗಿದ್ದವನು ಸಹಿ ಇಲ್ಲದ ಗೆರೆಯನ್ನು ನಂಬುವುದಿಲ್ಲ.

ಗೆರೆ ಇದ್ದದ್ದು ಮೀನು ಸಾಕಲೆಂದು ಅವನು ಕಟ್ಟಿದ ಪ್ಲೈವುಡ್ ಕೊಳದ ಒಳಮೈಯಲ್ಲಿ. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಜಾಗ, ಶಿರಸಿಯ ಬಾಡಿಗೆ ಮನೆಯ ನಡುಮನೆ, ಅಡುಗೆಮನೆಯ ಬಾಗಿಲಿಗೆ ತಾಗಿಕೊಂಡು. ಬೇಸಿಗೆ ರಜೆ ಶುರುವಾದ ದಿನ ಮೊಬೈಲಿನಲ್ಲಿ ಯಾರೋ ಗಡ್ಡದವನು ಮನೆಯೊಳಗೇ ಕೊಳ ಕಟ್ಟುವುದನ್ನು ನೋಡಿದ್ದೇ ತಡ, ಮಾರನೆಯ ದಿನ ಹಲಗೆ ತಂದಿಳಿಸಿದ. ಹನ್ನೆರಡು ದಿನ ಕೊಯ್ದ, ರೀಪು ಹೊಡೆದ, ಸ್ಕ್ರೂ ತಿರುಗಿಸಿದ, ಮೂಲೆಗಳಿಗೆ ಫೈಬರ್ ಪಟ್ಟಿ ಅಂಟಿಸಿದ, ಅದರ ಮೇಲೆ ನೀಲಿ ವಾಟರ್‌ಪ್ರೂಫ್ ಬಣ್ಣ ಮೂರು ಕೋಟು ಬಳಿದ. ನಾಲ್ಕನೆಯ ಕೋಟು ಅವನ ಬನಿಯನ್ನಿಗೂ ಎಡಗಿವಿಗೂ ಹಂಚಿಹೋಗಿತ್ತು.

ಮಧುಕೇಶ್ವರನ ಕೈಗುಣದ ಬಗ್ಗೆ ಮನೆಯಲ್ಲಿ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ಹೋದ ವರ್ಷ ಸೈಕಲ್ ತುಳಿದು ಬಟ್ಟೆ ಒಗೆಯುವ ಯಂತ್ರ ಮಾಡಿದ್ದ. ಅದು ಬಟ್ಟೆಯನ್ನೇನೋ ಒಗೆಯಿತು, ಗುಂಡಿಗಳನ್ನು ಮಾತ್ರ ವಾಪಸು ಕೊಡಲಿಲ್ಲ. ಅದಕ್ಕೂ ಮೊದಲು ಮಾಡಿದ ಬಿದಿರಿನ ಕಪಾಟು, ಊರಿಂದ ಬಂದಿದ್ದ ಅತ್ತೆ ಕಲ್ಲವ್ವನ ಹೆಬ್ಬೆರಳಿನ ಮೇಲೆಯೇ ಬಿದ್ದಿತು. ಅಂದಿನಿಂದ ಆಕೆ ಅಳಿಯನ ಕೈಯಲ್ಲಿ ಸುತ್ತಿಗೆ ಕಂಡರೆ ಕಾಲು ಮಡಚಿಕೊಂಡು ಕೂರುತ್ತಿದ್ದಳು. ಒಂದೇ ಒಂದು ಕೆಲಸವಾದರೂ ತನ್ನ ಕೈಯಿಂದ ನೆಟ್ಟಗೆ ಆಗಬೇಕು, ಅದನ್ನು ಈ ಇಬ್ಬರು ಹೆಂಗಸರು ಕಣ್ಣಾರೆ ನೋಡಬೇಕು ಎಂಬುದು ಅವನ ಆಸೆ. ಆಸೆ ಅನ್ನುವುದಕ್ಕಿಂತ ಹಟ ಎನ್ನಬೇಕು.

ಹೆಂಡತಿ ಪರಿಮಳಾ ಬಸ್‌ಸ್ಟ್ಯಾಂಡಿನ ಹತ್ತಿರದ ಹೊಲಿಗೆ ತರಗತಿಯಲ್ಲಿ ಟೀಚರು. ಆ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಲೇ ಷರತ್ತು ಹೇಳಿದಳು.

“ನೋಡ್ರಿ, ಮೂರು ದಿನಕ್ಕೊಮ್ಮೆ ಬರೋ ನಳದ ನೀರೆಲ್ಲಾ ನಿನ್ನೆ ನಿಮ್ಮ ಕೊಳಕ್ಕ ಸುರದ್ರಿ, ನಾ ಏನೂ ಅನ್ಲಿಲ್ಲ. ಸಂಜೀ ನಾ ಬರೂದ್ರಾಗ ನೆಲದ ಮ್ಯಾಲ ಒಂದೇ ಒಂದು ಹನಿ ಕಂಡ್ರ, ಕೊಳಾನೂ ಹೊರಗ, ನಿಮ್ಮ ಸುತ್ತಿಗೀನೂ ಹೊರಗ. ಮತ್ತ ಅವ್ವನ ಮುಂದ ಮೀನಿನ ಸುದ್ದಿ ಎತ್ತಬ್ಯಾಡ್ರಿ. ಬೋರಿಂಗಿಂದ ನಾಕು ಕೊಡ ತಂದು ಅಡಗೀಮನ್ಯಾಗ ಇಡ್ರಿ. ಗ್ಯಾಸಿನಂವ ಬಂದ್ರ ಖಾಲಿ ಸಿಲಿಂಡರ್ ಕೊಡ್ರಿ. ಕೇಳಿಸ್ತಿಲ್ಲೋ?”

“ಹೂಂ,” ಎಂದ ಮಧುಕೇಶ್ವರ, ಗೆರೆಯ ಮೇಲಿನ ಕಣ್ಣು ತೆಗೆಯದೆ.

ಕಲ್ಲವ್ವ ಬನವಾಸಿಯಿಂದ ಮೊದಲ ಬಸ್ಸಿಗೇ ಬಂದಿದ್ದಳು. ಮೀನೆಂದರೆ ಆಕೆಗೆ ಆಗದು ಎಂಬುದು ಬಂಧುಬಳಗಕ್ಕೆಲ್ಲ ಗೊತ್ತಿದ್ದ ವಿಷಯ. ಒಮ್ಮೆ ಕುಮಟಾದಿಂದ ಬರುವಾಗ ಬಸ್ಸಿಗೆ ಮೀನಿನ ಬುಟ್ಟಿ ಏರಿತೆಂದು ನಡುದಾರಿಯಲ್ಲಿ ಇಳಿದು ಎರಡು ತಾಸು ಬಿಸಿಲಲ್ಲಿ ನಿಂತವಳು. ಹಾಗಾಗಿ ಮೀನುಗಳು ಬಂದು ಕೊಳದಲ್ಲಿ ಚೆಂದವಾಗಿ ಆಡುತ್ತಿರುವಾಗ ನಿಧಾನಕ್ಕೆ ಹೇಳಿದರಾಯಿತು ಎಂದು ಗಂಡಹೆಂಡಿರು ಒಪ್ಪಂದ ಮಾಡಿಕೊಂಡಿದ್ದರು. ಮೀನುಗಳು ಬರುವುದು ಸಂಜೆ ಐದಕ್ಕೆ. ನಂದೊಳ್ಳಿಯಲ್ಲಿ ಬಣ್ಣದ ಮೀನು ಸಾಕುವ ಗೆಳೆಯ ವೈಭವ ಎಂಟು ಮೀನುಗಳನ್ನು ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಯಲ್ಲಾಪುರದ ಬಸ್ಸಿನ ಕಂಡಕ್ಟರನ ಕೈಗೆ ಕೊಡುವವನಿದ್ದ.

ಕಲ್ಲವ್ವ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ನಡುಮನೆಗೆ ಬಂದು, ಕೊಳದ ಸುತ್ತ ಒಂದು ಸುತ್ತು ಹಾಕಿದಳು.

“ಇದನ್ನ ನೀವs ಕಟ್ಟಿದ್ರೇನು?”

“ಹೌದ್ರಿ ಅತ್ತಿ.”

“ಶಾಣ್ಯಾರಾದ್ರಿ ನೋಡ್ರಿ! ಮನಿಗೆ ಬೇಕಾದ್ದು ಇದು. ಈ ಸಲ ಭಾಳ ಚಲೋ ಕೆಲಸ ಮಾಡೀರಿ.”

ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಅತ್ತೆಯ ಬಾಯಿಂದ ಬಿದ್ದ ಮೊದಲ ಹೊಗಳಿಕೆ. ಇವಳಿಗೆ ಕಲೆಯ ಬೆಲೆ ಗೊತ್ತು, ಇಷ್ಟು ದಿನ ನಾನೇ ಅರ್ಥ ಮಾಡಿಕೊಂಡಿರಲಿಲ್ಲ ಅಂದುಕೊಂಡ ಮಧುಕೇಶ್ವರ.

ಒಂಬತ್ತು ಗಂಟೆಗೆ ಗೆರೆ ನೋಡಿದ. ನೀರು ಒಂದು ಬೆರಳು ಕೆಳಗಿತ್ತು.

ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಸಹಿ ತನ್ನದೇ, ಗೆರೆ ತನ್ನದೇ, ನೀರು ಮಾತ್ರ ಕೆಳಗೆ. ನೆಲಕ್ಕೆ ಕೈ ಆಡಿಸಿದ, ಒಣಗಿತ್ತು. ಹೊಟ್ಟೆಯ ಮೇಲೆ ಮಲಗಿ, ಟಾರ್ಚ್ ಹಿಡಿದು, ಕೊಳಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಭುಜದವರೆಗೆ ತೂರಿ ಹುಡುಕಿದ. ಅಲ್ಲಿಯೂ ಒಂದು ಹನಿ ಇಲ್ಲ. ಸಂದಿಯಿಂದ ಹೊರಗೆ ಬರುವಷ್ಟರಲ್ಲಿ ಅರ್ಧ ತಾಸು, ಬಂದು ನೋಡಿದರೆ ನೀರು ಇನ್ನೂ ಒಂದು ಬೆರಳು ಇಳಿದಿತ್ತು.

ಅವನ ಉದ್ಗಾರ ಕೇಳಿ ಮೊದಲು ಬಂದವರು ಪಕ್ಕದ ಮನೆಯ ಸುಬ್ಬಲಕ್ಷ್ಮಿ. ಈ ಬಾಡಿಗೆ ಮನೆಯ ಯಜಮಾನಿಯೂ ಅವರೇ. ಎದುರಿಗಿರುವವರು ಯಾರೇ ಆಗಲಿ, ಅವರು ಮಾತಾಡುವುದು ತಮ್ಮ ಮನೆಯ ಹವ್ಯಕ ಭಾಷೆಯನ್ನೇ. ತಮ್ಮ ನೆಲದ ಮೇಲೆ ನಾನೂರು ಲೀಟರ್ ನೀರು ನಿಂತಿದೆ ಎನ್ನುವುದೇ ಹಿಂದಿನ ರಾತ್ರಿ ಅವರ ನಿದ್ದೆ ಕೆಡಿಸಿತ್ತು.

“ಎಂತ ಆತೋ ತಮಾ? ಸೋರ್ತಾ?”

“ಸೋರ್ತಾ ಇಲ್ರಿ. ಆದ್ರ ಕಡಿಮಿ ಆಗ್ಲಿಕ್ಕತ್ತೈತಿ.”

ಅವರು ಒಳಗೆ ಕಾಲಿಡುವ ಮುಂಚೆಯೇ ಕಲ್ಲವ್ವ ಒಂದು ತಂಬಿಗೆ ನೀರು ಹಿಡಿದು ಜಗುಲಿಗೆ ಬಂದಳು. ಬಂದವರು ಕಾಲು ತೊಳೆಯಬೇಕು, ಕೂರಬೇಕು, ಒಂದು ತುಂಡು ಬೆಲ್ಲದ ಜೊತೆ ನೀರು ಕುಡಿಯಬೇಕು, ಆಮೇಲೆ ಚಹಾ. ಅದಾದ ಮೇಲೇ ಬಂದ ಕೆಲಸದ ಮಾತು. ಬನವಾಸಿಯ ಕಲ್ಲವ್ವನಿಗೂ ಹೆಗಡೆಕಟ್ಟಾದ ಸುಬ್ಬಲಕ್ಷ್ಮಿಗೂ ಜಾತಿ, ಭಾಷೆ, ಸಾರಿನ ರುಚಿ ಎಲ್ಲ ಬೇರೆಯಾದರೂ ಈ ಒಂದು ವಿಷಯದಲ್ಲಿ ಪೂರ್ತಿ ಒಮ್ಮತ. ಮಧುಕೇಶ್ವರ ಜಗುಲಿಯ ಮೇಲೆ ಕಾಲು ಕುಣಿಸುತ್ತ ಕೂತ. ಚಹಾ ಮುಗಿದು ಎಲ್ಲರೂ ಒಳಗೆ ಬಂದಾಗ ನೀರು ಮೂರು ಬೆರಳು ಇಳಿದಿತ್ತು.

ಸುಬ್ಬಲಕ್ಷ್ಮಿ ಮೂಗಿನ ಮೇಲೆ ಬೆರಳಿಟ್ಟರು. “ಎಂಗೆ ಗೊತ್ತಾತು. ನಿನ್ನ ಹಲಗೆ ನೀರು ಕುಡೀತಾ ಇದ್ದು. ಈ ಪೇಟೆ ಬಣ್ಣ ಎಂತಕೂ ಬತ್ತಿಲ್ಲೆ. ಹಲಸಿನ ಮೇಣ ಹಚ್ಚವು. ಎಂಗಳ ಅಜ್ಜ ಸೋರುವ ಬಾನಿಗೆ ಅದನ್ನೇ ಹಚ್ತಿದ್ದ.”

ಬೇಡ ಎನ್ನುವುದರೊಳಗೆ ಮನೆಗೆ ಹೋಗಿ, ಬೆಳಿಗ್ಗೆ ಕೊಯ್ದ ಹಲಸಿನಕಾಯಿಯ ಮೇಣವನ್ನು ಕೋಲಿಗೆ ಸುತ್ತಿ ತಂದರು. ಮಧುಕೇಶ್ವರ ಹೊರಗಿನ ಸಂದಿಗಳಿಗೆಲ್ಲ ಅದನ್ನು ಮೆತ್ತಿದ. ಮೇಣಕ್ಕೆ ಹಲಗೆಗಿಂತ ಅವನ ಮೇಲೆಯೇ ಪ್ರೀತಿ. ಬೆರಳಿಗೆ ಬೆರಳು ಅಂಟಿತು. ಅದೇ ಹೊತ್ತಿಗೆ ವೈಭವನ ಫೋನು ಬಂತು. ಎತ್ತಲು ಹೋದರೆ ಫೋನು ಅಂಗೈಗೆ ಅಂಟಿಕೊಂಡಿತು. ಒತ್ತಬೇಕಾದ ಬೆರಳುಗಳು ಮುಷ್ಟಿಯಾಗಿಬಿಟ್ಟಿದ್ದವು. ರಿಂಗು ಆಗುವಷ್ಟು ಆಗಿ ನಿಂತಿತು.

“ಕೊಬ್ಬರಿ ಎಣ್ಣೆ ಹಚ್ಚು, ಎರಡು ದಿನಕ್ಕೆ ಬಿಡ್ತು,” ಎಂದರು ಸುಬ್ಬಲಕ್ಷ್ಮಿ, ಸಮಾಧಾನವಾಗಿ.

ಇನ್ನು ಉಳಿದವನು ಒಬ್ಬನೇ, ಬಣ್ಣ ಮಾರಿದ ಹಾರ್ಡ್‌ವೇರ್ ಅಂಗಡಿಯ ಚನ್ನಯ್ಯ. ಬಣ್ಣ ಕೊಡುವಾಗ ಅವನು ಡಬ್ಬಿಯ ತಲೆ ತಟ್ಟಿ, “ಇದನ್ನ ಬಳದ ತೊಟ್ಟಿ ಸೋರಿದ್ರ ನನ್ನ ಹೆಸರು ಬದಲಿ ಮಾಡ್ರಿ. ಅಷ್ಟs ಅಲ್ಲ, ಆ ನೀರು ನಾ ಗಟಗಟ ಕುಡದು ತೋರಸ್ತೀನಿ,” ಎಂದು ಹತ್ತು ಜನರ ಎದುರು ಹೇಳಿದ್ದ. ಮಧುಕೇಶ್ವರ ಅಂಟಿದ ಫೋನು ಹಿಡಿದುಕೊಂಡೇ ಅಂಗಡಿಗೆ ಹೋಗಿ ನಿಂತ. ಊಟದ ಹೊತ್ತಿಗೆ ಚನ್ನಯ್ಯ ಡ್ರಿಲ್ ಮಶಿನ್ನಿನ ಪೆಟ್ಟಿಗೆ ಸಮೇತ ಸ್ಕೂಟರಿನಲ್ಲಿ ಬಂದಿಳಿದ.

ಕಾಲಿಗೆ ನೀರು, ಬೆಲ್ಲ, ನೀರು, ಚಹಾ. ಚನ್ನಯ್ಯ ಕಪ್ಪನ್ನು ಮೂಗಿನ ಹತ್ತಿರ ತಂದು ತಲೆದೂಗಿದ.

“ಚಾಕ್ಕ ಏನೋ ಬ್ಯಾರೆ ಘಮ ಐತ್ರಿ ಯವ್ವಾ. ಯಾಲಕ್ಕಿ ಹಾಕೀರೇನು?”

“ಏನೂ ಹಾಕಿಲ್ಲಪಾ. ಇನ್ನೊಂದು ಕಪ್ಪು ತಗೋ,” ಎಂದಳು ಕಲ್ಲವ್ವ ಖುಷಿಯಿಂದ.

ಅವನು ಎರಡನೆಯದನ್ನೂ ಕುಡಿದು, ಕೊಳದ ಮುಂದೆ ಕುಕ್ಕರಗಾಲಲ್ಲಿ ಕೂತು, ಬಣ್ಣದ ಮೇಲೆ ಉಗುರು ಎಳೆದ. “ಬಣ್ಣಕ್ಕ ಏನೂ ಆಗಿಲ್ರಿ. ತಪ್ಪು ನಿಮ್ಮ ಜೋಡಣೀದು.” ಮಧುಕೇಶ್ವರ ಮೊಣಕೈಯಿಂದ ಒಳಗಿನ ಗೆರೆ ತೋರಿಸಿದ. ನೀರು ಐದು ಬೆರಳು ಕೆಳಗಿತ್ತು. “ಅಂದ್ರ ಜೋರು ಸೋರಾಕತ್ತೈತಿ,” ಎಂದ ಚನ್ನಯ್ಯ. “ನಾ ಬಂದ ಮ್ಯಾಲೂ ಇಳದೈತಿ ನೋಡ್ರಿ.”

“ಸೋರಿದ್ ನೀರು ಎಲ್ಲಿಗೆ ಹೋತು ಹಂಗಾರೆ?” ಎಂದು ಸುಬ್ಬಲಕ್ಷ್ಮಿ ಕೂಗಿದರು. “ಎನ್ನ ಮನೆಯ ಪಾಯಕ್ಕೇ ಇಳೀತಾ ಇದ್ದು! ತಡೀರಿ, ಚೌಡ ಬೈಂದ.”

ಸುಬ್ಬಲಕ್ಷ್ಮಿಯ ಬಾವಿ ಆ ಬೇಸಿಗೆ ಬತ್ತಿತ್ತು. ಬೋರು ಕೊರೆಸಲು ಜಾಗ ತೋರಿಸಲೆಂದು ಅವರು ವಜ್ರಳ್ಳಿ ಕಡೆಯ ಚೌಡನನ್ನು ಕರೆಸಿದ್ದರು, ಅವನು ಆಗಲೇ ಅವರ ಮನೆಗೆ ಬಂದಿದ್ದ. ಅಂಗೈ ಮೇಲೆ ತೆಂಗಿನಕಾಯಿ ಅಡ್ಡ ಇಟ್ಟುಕೊಂಡು ನಡೆಯುವುದು ಚೌಡನ ಕ್ರಮ. ನೆಲದಡಿಯಲ್ಲಿ ನೀರಿದ್ದ ಕಡೆ ಕಾಯಿ ಎದ್ದು ನಿಲ್ಲುತ್ತದೆ. ಭೂಮಿಯೊಳಗೆ ಇನ್ನೂರು ಅಡಿ ಕೆಳಗಿನ ನೀರು ಹುಡುಕುವವನಿಗೆ ನಡುಮನೆಯ ನೀರು ಯಾವ ಲೆಕ್ಕ ಎಂದು ಸುಬ್ಬಲಕ್ಷ್ಮಿಯ ವಾದ. ಮಧುಕೇಶ್ವರನಿಗೆ ಇದು ಅವಮಾನ ಅನ್ನಿಸಿತು. ಫೈಬರ್ ಪಟ್ಟಿ ಹಾಕಿದ ಕೊಳಕ್ಕೆ ತೆಂಗಿನಕಾಯಿಯ ತಪಾಸಣೆಯೆ? ಆದರೆ ಆಗಲೇ ಮೂರು ಹೊಡೆದಿತ್ತು, ಐದಕ್ಕೆ ಮೀನು ಬರುವುದಿತ್ತು, ಅವನ ಎರಡೂ ಕೈ ಕೆಲಸಕ್ಕೆ ಬಾರದಾಗಿದ್ದವು. ಒಪ್ಪಿದ.

ಚೌಡ ಬಂದ, ಕಾಲು ತೊಳೆದ, ನೀರು ಕುಡಿದ, ಚಹಾ ಕುಡಿದ. ಅವನ ಜೊತೆಗೆ ಉಳಿದವರಿಗೂ ಇನ್ನೊಂದು ಸರದಿ ಚಹಾ ಆಯಿತು. ಆಮೇಲೆ ಚೌಡ ಕಣ್ಣು ಮುಚ್ಚಿ, ಏನೋ ಗೊಣಗಿ, ಕಾಯಿ ಹಿಡಿದು ಕೊಳದ ಹತ್ತಿರ ಬಂದ. ಕಾಯಿ ಥಟ್ಟನೆ ಎದ್ದು ನಿಂತಿತು.

“ಅಲ್ಲೇ ಸೋರೂದು!” ಎಂದ ಚನ್ನಯ್ಯ.

“ತಡೀರಿ ಒಡೆಯಾ. ಇದು ನಿಂತ ನೀರು. ಹೋಗೂ ನೀರು ಬ್ಯಾರೆ ಅದೆ,” ಎಂದ ಚೌಡ. ಕಾಯಿಯ ಹಿಂದೆ ಅವನು, ಅವನ ಹಿಂದೆ ಮೂವರು. ಕಾಯಿ ಗೋಡೆಯ ಕಡೆಗೆ ಹೋಗಲಿಲ್ಲ, ಪಾಯದ ಕಡೆಗೂ ಹೋಗಲಿಲ್ಲ. ಒಂದೊಂದೇ ಹೆಜ್ಜೆ ಸರಿದು ಅಡುಗೆಮನೆಯ ಹೊಸ್ತಿಲಿಗೆ ಬಂದು ಅಲ್ಲಿ ನಡುಗತೊಡಗಿತು. ಒಳಗೆ ಗ್ಯಾಸ್ ಒಲೆಯ ಮುಂದೆ ಕಲ್ಲವ್ವ ಪಾತ್ರೆ ತೊಳೆಯುತ್ತ ಕೂತಿದ್ದಳು.

“ನೀರು ಇತ್ಲಾಗೇ ಹೋಗ್ತದೆ,” ಎಂದ ಚೌಡ ಗಂಭೀರವಾಗಿ.

ಎಲ್ಲರೂ ನಕ್ಕರು. ನೆಲ ಒಣಗಿದೆ, ಪೈಪಿಲ್ಲ, ತೂತಿಲ್ಲ, ನೀರೇನು ನಡೆದುಕೊಂಡು ಅಡುಗೆಮನೆಗೆ ಹೋಗುತ್ತದೆಯೆ? ಚನ್ನಯ್ಯ ಚೌಡನ ಬೆನ್ನು ತಟ್ಟಿ ಮೂಲೆಯಲ್ಲಿ ಕೂರಿಸಿದ. “ಕಾಯಿ ಸುಳ್ಳು ಹೇಳೂದಿಲ್ಲ ಒಡೆಯಾ,” ಎಂದು ಚೌಡ ಮುಖ ಸಣ್ಣ ಮಾಡಿಕೊಂಡ. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಚನ್ನಯ್ಯ ಡ್ರಿಲ್ ಪೆಟ್ಟಿಗೆ ತೆರೆದ. “ನನ್ನ ಮಾತು ಕೇಳ್ರಿ. ಈ ಮೂಲ್ಯಾಗ ಹಲಗಿ ಬಾಯಿ ಬಿಟ್ಟೈತಿ. ನಾಕಿಂಚಿಂದು ಒಂದು ಸ್ಕ್ರೂ ಜಡದ್ರ ಗಪ್ಪನ ಮುಚ್ಕೋತೈತಿ.”

“ನಾಕಿಂಚು ಉದ್ದ ಆಗಂಗಿಲ್ಲೇನ್ರಿ?” ಎಂದು ಮಧುಕೇಶ್ವರ ಕೇಳುವುದರೊಳಗೆ ಡ್ರಿಲ್ ಗುರ್ ಎಂದಿತು. ಸ್ಕ್ರೂ ಹಲಗೆ ದಾಟಿ, ಫೈಬರ್ ಪಟ್ಟಿ ದಾಟಿ, ಮೂರು ಕೋಟು ನೀಲಿ ಬಣ್ಣ ದಾಟಿ, ಕೊಳದೊಳಗೆ ತಲೆ ಹಾಕಿ ನಿಂತಿತು. ಬಿಗಿಯಾಗಿ ಕೂತಿದ್ದರಿಂದ ನೀರು ಹೊರಬರಲಿಲ್ಲ. “ನೋಡ್ರಿ, ಒಂದು ಹನಿ ಇಲ್ಲ!” ಎಂದು ಚನ್ನಯ್ಯ ಕೈ ಝಾಡಿಸಿದ. ಇಷ್ಟು ಹೊತ್ತೂ ಒಂದು ಹನಿ ಇರಲಿಲ್ಲ ಎನ್ನುವುದು ಯಾರಿಗೂ ಹೊಳೆಯಲಿಲ್ಲ.

ಕಾಯಿಲೆ ವಾಸಿಯಾದ ಸಂತೋಷಕ್ಕೆ ಎಲ್ಲರೂ ಉಸ್ಸೆಂದು ಕೂತರು. ಗಡಿಯಾರ ನೋಡಿದರೆ ಐದಾಗಲು ಹತ್ತು ನಿಮಿಷ. ಆಗ ಕಲ್ಲವ್ವ ಅಡುಗೆಮನೆಯಿಂದ ಸ್ಟೀಲಿನ ಕೊಡ ಹಿಡಿದು ಹೊರಗೆ ಬಂದಳು.

“ಎಲ್ಲಾರೂ ದಣದೀರಿ. ಇನ್ನೊಂದೀಟು ಚಾ ಇಡ್ತೀನಿ ತಡೀರಿ,” ಎನ್ನುತ್ತ, ಸೆರಗು ಸಿಕ್ಕಿಸಿ, ಬಗ್ಗಿ, ಕೊಡವನ್ನು ಕೊಳದಲ್ಲಿ ಮುಳುಗಿಸಿದಳು. ಬುಡುಬುಡು ಎಂದು ಕೊಡ ತುಂಬಿತು. ನೀರು ಮತ್ತೊಂದು ಬೆರಳು ಇಳಿಯಿತು.

ನಡುಮನೆಯಲ್ಲಿದ್ದ ನಾಲ್ಕೂ ತಲೆಗಳು ಕೊಡದ ಕಡೆಗೆ ತಿರುಗಿದವು.

“ಅತ್ತೀ,” ಎಂದ ಮಧುಕೇಶ್ವರ, ತನ್ನದಲ್ಲದ ಧ್ವನಿಯಲ್ಲಿ, “ಏನ ಮಾಡ್ಲಿಕ್ಕತ್ತೀರಿ?”

“ನೀರ ತಗೊಳ್ಳಾಕತ್ತೀನಿ. ಮುಂಜಾನಿ ನೋಡ್ತೀನಿ, ಡ್ರಮ್ಮಿನ್ಯಾಗ ಹನಿ ನೀರಿಲ್ಲ. ಅಯ್ಯ ಶಿವನ, ಏನ ಮಾಡ್ಲಿ ಅಂತ ಇತ್ಲಾಗ ತಿರಗಿದ್ರ, ತುಂಬಿದ ತೊಟ್ಟಿ! ನಳ ಮೂರು ದಿನಕ್ಕೊಮ್ಮಿ ಬರೋ ಮನಿಗೆ ಅಳಿಯಂದ್ರು ಎಷ್ಟ ಚಂದ ವ್ಯವಸ್ಥಾ ಮಾಡ್ಯಾರ ಅಂದ್ಕೊಂಡೆ. ನನ್ನ ಸ್ನಾನ ಇದ್ರಾಗಿಂದs ಆತು. ಬಂದೋರ ಕಾಲಿಗೆ, ಕುಡ್ಯಾಕ, ಅನ್ನಕ್ಕ, ಪಾತ್ರಿಗೆ… ಚಾ ಅಂತೂ ಎಷ್ಟ ಸಲ ಆತೋ ನನಗs ನೆನಪಿಲ್ಲ. ಮಂದಿ ಬರಾಕs ಹತ್ತಿದ್ರಲ್ಲ!”

ಮಧುಕೇಶ್ವರನಿಗೆ ತಾನು ತರದೇ ಬಿಟ್ಟ ಬೋರಿಂಗಿನ ನಾಲ್ಕು ಕೊಡ ನೆನಪಾಯಿತು. ಆದರೆ ಆ ಪಶ್ಚಾತ್ತಾಪ ಒಂದು ಕ್ಷಣವೂ ನಿಲ್ಲಲಿಲ್ಲ. ಅದನ್ನು ತಳ್ಳಿಕೊಂಡು ಇನ್ನೊಂದು ಯೋಚನೆ ಬಂತು.

“ಸೋರಿಲ್ಲ!” ಎಂದು ಕೂಗಿದ. “ನನ್ನ ಕೊಳ ಸೋರೇ ಇಲ್ಲ! ಸೋರಿದ್ದನ್ನ ಹುಡುಕಾಕ ಬಂದೋರs ಕುಡದಾರ!”

“ಕಾಯಿ ಹೇಳಿತ್ತು,” ಎಂದ ಚೌಡ ಮೂಲೆಯಿಂದ.

ಚನ್ನಯ್ಯ ಮಾತ್ರ ಬಿಳಿಚಿಕೊಂಡಿದ್ದ. “ಮೂರು ಕಪ್ಪು,” ಎಂದು ತನಗೆ ತಾನೇ ಹೇಳಿಕೊಂಡ. ಕಿಟಕಿಯ ಮೇಲಿದ್ದ ಖಾಲಿ ಬಣ್ಣದ ಡಬ್ಬಿ ಎಳೆದುಕೊಂಡು, ಕನ್ನಡಕ ಏರಿಸಿ, ಹಿಂಬದಿಯ ಸಣ್ಣಕ್ಷರಗಳನ್ನು ಓದಿದ. ‘ಕುಡಿಯುವ ನೀರಿನ ಸಂಗ್ರಹಕ್ಕೆ ಬಳಸಬಾರದು.’

“ಗಟಗಟ ಕುಡದು ತೋರಸ್ತೀನಿ ಅಂದಿದ್ರಲ್ಲ ನೀವs?” ಎಂದ ಮಧುಕೇಶ್ವರ.

“ಅದು ಮಾರೂ ಮುಂದ ಹೇಳೂ ಮಾತ್ರೀ!” ಎಂದು ಚನ್ನಯ್ಯ ಹೊಟ್ಟೆ ಹಿಡಿದುಕೊಂಡು, ಡ್ರಿಲ್ಲನ್ನೂ ಬಿಟ್ಟು ಸ್ಕೂಟರಿಗೆ ಓಡಿದ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಚಹಾ ಜಾಸ್ತಿಯಾಗಿದೆ ಅಷ್ಟೇ ಎಂದು ಕಳಿಸಿದರಂತೆ.

ಸುಬ್ಬಲಕ್ಷ್ಮಿ ಬಾಯಿಗೆ ಸೆರಗಿಟ್ಟು, “ಆನು ಎರಡೇ ಕುಡಿದ್ದು,” ಎಂದು ದೇವರಿಗೆ ಲೆಕ್ಕ ಒಪ್ಪಿಸುತ್ತಿದ್ದರು.

ಮಧುಕೇಶ್ವರ ಇದೊಂದನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಬದುಕಿನಲ್ಲಿ ಮೊದಲ ಸಲ ಅವನು ಗೆದ್ದಿದ್ದ. ಪರಿಮಳಾ ಬರಲಿ, ಒಣನೆಲ ನೋಡಲಿ, ಬೇಕಾದರೆ ಕೈಯಾಡಿಸಿ ನೋಡಲಿ. ಹೆಮ್ಮೆಯಿಂದ ಕೊಳದ ಮೈ ಸವರಿದ. ಕೈಗೆ ಚನ್ನಯ್ಯನ ಸ್ಕ್ರೂ ತಾಗಿತು. ನೋಡಿದರೆ ಎಂಥ ಅಸಹ್ಯ! ಸೋರದ ಕೊಳಕ್ಕೆ ಈ ಸ್ಕ್ರೂ ಏಕೆ? ಆರೋಗ್ಯವಂತನಿಗೆ ಹಾಕಿದ ಬ್ಯಾಂಡೇಜಿನ ಹಾಗೆ ಅದು ಅವನ ಕಣ್ಣು ಚುಚ್ಚಿತು. ಡ್ರಿಲ್ಲನ್ನು ಎರಡು ಮುಷ್ಟಿಗಳ ನಡುವೆ ಹಿಡಿದ. ಮೇಣ ಅದನ್ನು ಭದ್ರವಾಗಿ ಹಿಡಿದುಕೊಂಡಿತು. ಹಿಮ್ಮುಖ ತಿರುಗುವ ಗುಂಡಿ ಒತ್ತಿ, ಸ್ಕ್ರೂವನ್ನು ಹೊರಗೆ ಎಳೆದುಹಾಕಿದ.

ಸ್ಕ್ರೂವಿನ ಹಿಂದೆಯೇ ನೀರು ಬಂತು. ಮೊದಲು ಹೆಬ್ಬೆರಳು ಗಾತ್ರದ ಧಾರೆ. ಅದನ್ನು ತಡೆಯಲು ಮಧುಕೇಶ್ವರ ಡ್ರಿಲ್ ಸಮೇತ ಮುಷ್ಟಿ ಒತ್ತಿದ. ಡ್ರಿಲ್ ಇನ್ನೂ ತಿರುಗುತ್ತಲೇ ಇತ್ತು. ಮೂಲೆಯ ಪಟ್ಟಿ ಚರ್ರನೆ ಕಿತ್ತು, ಹಲಗೆ ಬಾಯಿ ತೆರೆಯಿತು. ಸುಬ್ಬಲಕ್ಷ್ಮಿ ಓಡಿ ಡ್ರಿಲ್ಲಿನ ಪ್ಲಗ್ ಕಿತ್ತು, ಅಲ್ಲೇ ಇದ್ದ ಸ್ಟೂಲು ಹತ್ತಿದರು. ಕೊಳದಲ್ಲಿ ಉಳಿದಿದ್ದ ನೀರೆಲ್ಲ ನಡುಮನೆ ದಾಟಿ, ಜಗುಲಿ ದಾಟಿ, ಚಪ್ಪಲಿಗಳನ್ನು ಹೊತ್ತುಕೊಂಡು ಮೆಟ್ಟಿಲಿಳಿಯಿತು.

ಮೆಟ್ಟಿಲ ಕೆಳಗೆ ಪರಿಮಳಾ ನಿಂತಿದ್ದಳು. ಗಂಡ ಫೋನು ಎತ್ತಲಿಲ್ಲವೆಂದು ವೈಭವ ಅವಳಿಗೇ ಮಾಡಿ ಹೇಳಿದ್ದ. ಅವಳೇ ಬಸ್ಸಿನ ಹತ್ತಿರ ಹೋಗಿ ಚೀಲ ಇಸಿದುಕೊಂಡು ಬಂದಿದ್ದಳು. ಪಾದದ ಮೇಲೆ ಹರಿಯುವ ನೀರು ನೋಡಿದಳು, ಒಳಗೆ ಡ್ರಿಲ್ ಹಿಡಿದು ಕೂತ ಗಂಡನನ್ನು ನೋಡಿದಳು. ಒಂದು ಹನಿಯ ಮಾತು ಎತ್ತುವ ಅಗತ್ಯ ಅವಳಿಗೆ ಕಾಣಲಿಲ್ಲ.

ಅವಳ ಕೈಯ ಪಾರದರ್ಶಕ ಚೀಲದಲ್ಲಿ ಎಂಟು ಕೆಂಪು ಮೀನುಗಳು. ಕಲ್ಲವ್ವ ಅವುಗಳನ್ನು ನೋಡಿದಳು. ಮಧುಕೇಶ್ವರ ಕಣ್ಣು ಮುಚ್ಚಿಕೊಂಡ.

“ಮೀನಿನ ಸಲುವಾಗಿ ಕಟ್ಟಿದ್ರೇನು ಇದನ್ನ?” ಎಂದಳು ಕಲ್ಲವ್ವ ಮೆಲ್ಲಗೆ.

“ಹೌದ್ರಿ. ನಿಮಗ ಮೀನು ಆಗಂಗಿಲ್ಲಂತ ಹೇಳ್ಲಿಲ್ಲ. ಅವತ್ತು ಬಸ್ಸಿಂದ ಇಳದ್ರಲ್ಲ…”

“ಇಳದೆ. ಬುಟ್ಟಿ ಒಳಗ ಒಂದು ಮೀನು ಇನ್ನೂ ಬಾಯಿ ತಕ್ಕೊಂಡು ಒದ್ದಾಡಾಕತ್ತಿತ್ತು. ನೋಡಾಕ ಆಗ್ಲಿಲ್ಲ ನನಗ, ಅದಕ್ಕ ಇಳದೆ. ಸಣ್ಣಾಕಿದ್ದಾಗ ದಿನಾ ವರದಾ ಹೊಳ್ಯಾಗ ಮೀನಿಗೆ ಮಂಡಕ್ಕಿ ಹಾಕಿ ಬರ್ತಿದ್ದೆ.” ಚೀಲ ಇಸಿದುಕೊಂಡು ಮುಖದ ಹತ್ತಿರ ಹಿಡಿದಳು. “ಮುಂಜಾನಿ ಒಂದು ಮಾತು ಹೇಳಿದ್ರ ಆ ನೀರು ಮುಟ್ಟತಿದ್ನೇನು?”

ಮಧುಕೇಶ್ವರನಿಗೆ ಅಳು ಬಂದಂತಾಯಿತು. ಕಣ್ಣೊರೆಸಿಕೊಳ್ಳೋಣವೆಂದರೆ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಡ್ರಿಲ್ಲು.

ಕಲ್ಲವ್ವ ತಡಮಾಡಲಿಲ್ಲ. ಚಹಾಕ್ಕೆಂದು ಆಗಷ್ಟೇ ತುಂಬಿದ್ದ ಕೊಡವನ್ನು ತಂದಳು. ಮನೆಯಲ್ಲಿ ಉಳಿದಿದ್ದ ನೀರು ಅದೊಂದೇ. ಆ ಬಣ್ಣದ ನೀರು ಮೀನಿಗೆ ಆದೀತೆ ಎಂದು ಪರಿಮಳಾ ಅನುಮಾನಿಸಿದಾಗ, ಇಷ್ಟು ಮಂದಿಗೆ ಆದದ್ದು ಮೀನಿಗೆ ಆಗದೇ ಎಂದಳು. ಎಂಟು ಮೀನುಗಳು ಒಂದೊಂದಾಗಿ ಕೊಡದೊಳಗೆ ಇಳಿದವು. ನಳದಲ್ಲಿ ಮತ್ತೆ ನೀರು ಬರಲು ಇನ್ನೂ ಎರಡು ದಿನವಿತ್ತು.

ಕೊನೆಗೆ ಆಕೆ ಬಾಯಿ ಬಿಟ್ಟುಕೊಂಡ ಕೊಳದ ಹತ್ತಿರ ಬಂದು, ಅಳಿಯನ ಸಹಿ ಇದ್ದ ಗೆರೆಯನ್ನು ಬೆರಳಿಂದ ಸವರಿದಳು.

“ಕಟ್ಟಿದ್ದು ಭಾಳ ಚಲೋ ಇತ್ರಿ,” ಎಂದಳು, ನಿಜವಾದ ಮರುಕದಿಂದ. “ನೀವು ಮುಟ್ಟಲಾರದ ಇದ್ದಿದ್ರ.”

ಪರಿಮಳಾ ಕೊಬ್ಬರಿ ಎಣ್ಣೆಯ ಬಾಟಲಿ ತಂದು, ಗಂಡನ ಬಲಗೈಗೆ ಸುರಿದು, ಡ್ರಿಲ್ಲನ್ನು ಬಿಡಿಸಿದಳು. ಅದನ್ನು ಹೊರಗಿಟ್ಟು, ಅದೇ ಕೈಗೆ ನೆಲ ಒರೆಸುವ ಬಟ್ಟೆ ಕೊಟ್ಟಳು. ಮೇಣ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಮಧುಕೇಶ್ವರ ನೆಲವೆಲ್ಲ ಒರೆಸಿ ಮುಗಿಸಿದ ಮೇಲೂ ಬಟ್ಟೆ ಶನಿವಾರದವರೆಗೆ ಅವನ ಕೈಯಲ್ಲೇ ಇತ್ತು.